ಸಾವಯವ ಹಣ್ಣಿನಲ್ಲಿ ಖನಿಜಾಂಶ ಜಾಸ್ತಿ ಇರುತ್ತದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬೆ, ಪೇರಲ. ಕೊಪ್ಪಳದ ಸುತ್ತ ಕೇಸರ್ ಮಾವು. ಗಂಗಾವತಿ, ಆನೆಗೊಂದಿ ಕಡೆ ಹೊಳೆ ದಂಡೆಯ ಬಾಳೆ. ಇವನ್ನು ಬೆಳೆಯುವವರು ಕೇಳುವ ಪ್ರಶ್ನೆಗಳೂ ಕೊಳ್ಳುವವರು ಕೇಳುವ ಪ್ರಶ್ನೆಗಳೂ ಹೆಚ್ಚು ಕಡಿಮೆ ಒಂದೇ. "ಇದು ಸಾವಯವದ್ದಾ? ಹಾಗಾದ್ರೆ ಇದರಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಜಾಸ್ತಿ ಇರಬೇಕಲ್ಲ?" ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ. ನಮ್ಮ ತೋಟದಲ್ಲಿ ತಿಪ್ಪೆ ಗೊಬ್ಬರವೂ ಇದೆ, ಸರ್ಕಾರಿ ಗೊಬ್ಬರದ, ಅಂದ್ರೆ ರಾಸಾಯನಿಕ ಗೊಬ್ಬರದ ಚೀಲವೂ ಇದೆ. ಹಾಗಾಗಿ ಯಾವ ಪಕ್ಷದ ವಕಾಲತ್ತೂ ಇಲ್ಲಿಲ್ಲ.

ಸುತ್ತಿ ಬಳಸದೆ ಹೇಳಿ: ಜಾಸ್ತಿ ಇರುತ್ತದಾ, ಇಲ್ವಾ?

ಹೇಳಿಕೊಳ್ಳುವಷ್ಟು ಜಾಸ್ತಿ ಇರುವುದಿಲ್ಲ. ರಂಜಕ (ಫಾಸ್ಫರಸ್) ಸ್ವಲ್ಪ ಹೆಚ್ಚು ಕಂಡಿದ್ದಿದೆ, ಅದೂ ಎಲ್ಲ ಕಡೆ ಅಲ್ಲ. ಹಣ್ಣಿನ ಖನಿಜಾಂಶ ಮುಖ್ಯವಾಗಿ ನಿಂತಿರುವುದು ಮಣ್ಣು, ತಳಿ, ನೀರು, ಹಣ್ಣಿನ ಗಾತ್ರ ಇವುಗಳ ಮೇಲೆ. ಗೊಬ್ಬರ ಯಾವ ಚೀಲದಿಂದ ಬಂತು ಅನ್ನುವುದು ಇವೆಲ್ಲ ಆದ ಮೇಲಿನ ಮಾತು.

ಅಸಲಿಗೆ ಹಣ್ಣಿನಲ್ಲಿ ಖನಿಜ ಎಷ್ಟಿರುತ್ತದೆ?

ಇದನ್ನು ಮೊದಲು ತಿಳಿದುಕೊಂಡರೆ ಅರ್ಧ ಗೊಂದಲ ಕಡಿಮೆ ಆಗುತ್ತದೆ. ಹಣ್ಣಿನ ಬಹುಪಾಲು ನೀರು. ಪಪ್ಪಾಯಿಯಲ್ಲಿ ನೂರಕ್ಕೆ 88 ಭಾಗ, ಪೇರಲದಲ್ಲಿ 80ರ ಮೇಲೆ, ಬಾಳೆಯಲ್ಲಿ 75ರಷ್ಟು. ಉಳಿದದ್ದರಲ್ಲಿ ಹೆಚ್ಚಿನದು ಸಕ್ಕರೆ, ನಾರು. ಹಣ್ಣನ್ನು ಪೂರ್ತಿ ಸುಟ್ಟು ಬೂದಿ ಮಾಡಿದರೆ 100 ಗ್ರಾಂ ಹಣ್ಣಿಗೆ ಉಳಿಯುವ ಬೂದಿ ಸಾಮಾನ್ಯವಾಗಿ ಒಂದು ಗ್ರಾಂ ಕೂಡ ಇರುವುದಿಲ್ಲ. ಖನಿಜ ಇರುವುದು ಆ ಬೂದಿಯಲ್ಲಿ.

ಅದರಲ್ಲೂ ಸಿಂಹಪಾಲು ಪೊಟ್ಯಾಸಿಯಂನದು. 100 ಗ್ರಾಂ ಪೇರಲದಲ್ಲಿ ಸುಮಾರು 400 ಮಿ.ಗ್ರಾಂ, ಬಾಳೆಯಲ್ಲಿ 350, ದಾಳಿಂಬೆ ಕಾಳಿನಲ್ಲಿ 230, ಮಾವು ಮತ್ತು ಪಪ್ಪಾಯಿಯಲ್ಲಿ 170–180ರ ಆಸುಪಾಸು. ಬಾಳೆಯಲ್ಲಿ ಮೆಗ್ನೀಸಿಯಂ 27 ಮಿ.ಗ್ರಾಂನಷ್ಟಿದೆ, ಪರವಾಗಿಲ್ಲ. ಕ್ಯಾಲ್ಸಿಯಂ ಮಾತ್ರ ಹೆಚ್ಚಿನ ಹಣ್ಣುಗಳಲ್ಲಿ 5ರಿಂದ 20 ಮಿ.ಗ್ರಾಂ ಅಷ್ಟೇ. ತಾಜಾ ಅಂಜೂರ 35ರವರೆಗೆ ಹೋಗುತ್ತದೆ. ಕಬ್ಬಿಣ ಅರ್ಧ ಮಿ.ಗ್ರಾಂ ದಾಟಿದರೆ ಹೆಚ್ಚು. ಹೋಲಿಸಬೇಕು ಅಂದ್ರೆ, 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ 350 ಮಿ.ಗ್ರಾಂ ಮೇಲಿದೆ, ಸಜ್ಜೆಯಲ್ಲಿ ಕಬ್ಬಿಣ 6 ಮಿ.ಗ್ರಾಂ ಮೇಲಿದೆ.

ಅಂದ್ರೆ ಸಾವಯವ ಹಣ್ಣಿನಲ್ಲಿ ಕಬ್ಬಿಣ ನೂರಕ್ಕೆ 20ರಷ್ಟು ಜಾಸ್ತಿ ಇದೆ ಅಂತಲೇ ಇಟ್ಟುಕೊಳ್ಳಿ. 0.3 ಇದ್ದದ್ದು 0.36 ಆಗುತ್ತದೆ. ಆ ವ್ಯತ್ಯಾಸ ಒಂದು ಚೂರು ಸಜ್ಜಿ ರೊಟ್ಟಿಯಲ್ಲಿ ಸಿಗುತ್ತದೆ.

ಹಾಗಾದ್ರೆ ದಾಳಿಂಬೆ ತಿಂದರೆ ರಕ್ತ ಬರುತ್ತೆ ಅನ್ನೋದು?

ಇದು ನಮ್ಮ ಕಡೆ ಮನೆಮನೆಯ ನಂಬಿಕೆ. ಬಾಣಂತಿ ನೋಡಲು ಹೋಗುವವರು ಮೊದಲು ಕೊಳ್ಳುವುದೇ ದಾಳಿಂಬೆ. ಆದರೆ 100 ಗ್ರಾಂ ದಾಳಿಂಬೆ ಕಾಳಿನಲ್ಲಿ ಕಬ್ಬಿಣ ಇರುವುದು ಸುಮಾರು 0.3 ಮಿ.ಗ್ರಾಂ. ನಮ್ಮ ದೇಶದ ವಯಸ್ಕ ಹೆಂಗಸಿಗೆ ದಿನಕ್ಕೆ ಬೇಕಾದ ಕಬ್ಬಿಣ 29 ಮಿ.ಗ್ರಾಂ, ಗಂಡಸಿಗೆ 19 ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಬರೀ ದಾಳಿಂಬೆಯಿಂದ ಆ 29 ತುಂಬಿಸಲು ಹೊರಟರೆ ದಿನಕ್ಕೆ ಒಂಬತ್ತು ಹತ್ತು ಕಿಲೋ ಕಾಳು ಬಿಡಿಸಬೇಕು.

ದಾಳಿಂಬೆ ಕೆಂಪಗಿರುವುದು ಆಂಥೋಸಯಾನಿನ್ ಅನ್ನುವ ಬಣ್ಣದಿಂದ. ಅದಕ್ಕೂ ರಕ್ತದ ಕೆಂಪಿಗೂ ಸಂಬಂಧವೇ ಇಲ್ಲ. ತಿನ್ನಬೇಡಿ ಅಂತ ಖಂಡಿತ ಹೇಳುತ್ತಿಲ್ಲ, ಬೆಳೆಗಾರನಾಗಿ ಹಾಗೆ ಹೇಳಿದರೆ ಮನೆಯವರೇ ಬಿಡುವುದಿಲ್ಲ! ಆದರೆ ರಕ್ತ ಕಡಿಮೆ ಇದೆ ಅಂತ ಗೊತ್ತಾದ ಮೇಲೆ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆ ಬಿಟ್ಟು ಹಣ್ಣನ್ನೇ ನಂಬಿ ಕೂರಬಾರದು.

ಈ ವಿಷಯದಲ್ಲಿ ನಿಜವಾಗಿ ಕೆಲಸ ಮಾಡುವ ಹಣ್ಣು ಪೇರಲ. ಅದರಲ್ಲೂ ಕಬ್ಬಿಣ ಕಡಿಮೆಯೇ. ಆದರೆ 100 ಗ್ರಾಂನಲ್ಲಿ 200 ಮಿ.ಗ್ರಾಂ ಮೇಲೆ ವಿಟಮಿನ್ ಸಿ ಇದೆ. ರೊಟ್ಟಿ, ಬೇಳೆ, ಪಲ್ಯದಲ್ಲಿರುವ ಕಬ್ಬಿಣ ಮೈಗೆ ಹತ್ತಲು ವಿಟಮಿನ್ ಸಿ ನೆರವಾಗುತ್ತದೆ. ಸಜ್ಜಿ ರೊಟ್ಟಿ, ಪುಂಡಿ ಪಲ್ಯ ಉಂಡು ಜೊತೆಗೆ ಅರ್ಧ ಪೇರಲ ತಿಂದರೆ ಲಾಭ ಇದೆ. ಊಟ ಆದ ತಕ್ಷಣ ಚಹಾ ಕುಡಿದರೆ ಆ ಲಾಭದಲ್ಲಿ ಒಂದಿಷ್ಟು ಸೋರಿ ಹೋಗುತ್ತದೆ.

ಸಂಶೋಧನೆಗಳು ಏನು ಹೇಳುತ್ತವೆ?

ಮೂರು ದೊಡ್ಡ ಪರಿಶೀಲನೆಗಳ ಮಾತು ಪದೇ ಪದೇ ಬರುತ್ತದೆ. ಇವರು ಹೊಸದಾಗಿ ಬೆಳೆ ಬೆಳೆದವರಲ್ಲ. ಅದುವರೆಗೆ ಬಂದ ನೂರಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡಿದವರು.

ಮೊದಲನೆಯದು 2009ರದು, ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್‌ನವರದು. ಸಿಕ್ಕ 162 ಅಧ್ಯಯನಗಳಲ್ಲಿ ಗುಣಮಟ್ಟ ಸರಿ ಇದ್ದದ್ದು 55 ಮಾತ್ರ ಅಂದರು. ಮಾಮೂಲಿ ಬೆಳೆಯಲ್ಲಿ ಸಾರಜನಕ ಜಾಸ್ತಿ, ಸಾವಯವದಲ್ಲಿ ರಂಜಕ ಮತ್ತು ಹುಳಿ ಅಂಶ ಜಾಸ್ತಿ ಕಂಡಿತು. ಕ್ಯಾಲ್ಸಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಸತು, ತಾಮ್ರ ಇವುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ.

ಎರಡನೆಯದು ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು 2012ರಲ್ಲಿ ಮಾಡಿದ್ದು. ಇಲ್ಲೂ ಎದ್ದು ಕಂಡದ್ದು ರಂಜಕ ಒಂದೇ. ರಂಜಕದ ಕೊರತೆ ಜನರಲ್ಲಿ ತೀರಾ ಅಪರೂಪ, ಹಾಗಾಗಿ ಅದರಿಂದ ಆರೋಗ್ಯಕ್ಕೆ ದೊಡ್ಡ ಉಪಯೋಗ ಏನಿಲ್ಲ ಅಂತ ಅವರೇ ಹೇಳಿದರು. ಆದರೆ ಇನ್ನೊಂದು ಅಂಕಿ ಗಮನಿಸಿ. ಕೀಟನಾಶಕದ ಉಳಿಕೆ ಸಿಕ್ಕಿದ್ದು ಸಾವಯವ ಮಾದರಿಗಳಲ್ಲಿ ನೂರಕ್ಕೆ 7, ಮಾಮೂಲಿ ಮಾದರಿಗಳಲ್ಲಿ ನೂರಕ್ಕೆ 38.

ಮೂರನೆಯದು 2014ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ ಬಂತು, 343 ಪ್ರಕಟಣೆಗಳನ್ನು ಸೇರಿಸಿಕೊಂಡಿತ್ತು. ಸಾವಯವ ಬೆಳೆಗಳಲ್ಲಿ ಪಾಲಿಫಿನಾಲ್‌ನಂತಹ ಆಂಟಿಆಕ್ಸಿಡೆಂಟ್‌ಗಳು ಜಾಸ್ತಿ, ಕ್ಯಾಡ್ಮಿಯಂ ಅನ್ನುವ ವಿಷಕಾರಿ ಲೋಹ ಸರಾಸರಿ ನೂರಕ್ಕೆ 48ರಷ್ಟು ಕಡಿಮೆ ಅಂತ ಇದು ಹೇಳಿತು. ಸಾವಯವದ ಪರ ಮಾತಾಡುವವರು ಇದನ್ನು ಹಿಡಿದುಕೊಂಡರು, ವಿರೋಧಿಸುವವರು 2009ರದನ್ನು ಹಿಡಿದುಕೊಂಡರು. ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಖನಿಜದ ವಿಷಯದಲ್ಲಿ ಅಂತಹ ಜಗಳವೇ ಕಾಣಿಸುವುದಿಲ್ಲ. ಜಗಳ ಇರುವುದು ಆಂಟಿಆಕ್ಸಿಡೆಂಟ್ ಬಗ್ಗೆ.

ಬರೀ ಹಣ್ಣಿನ ಮೇಲೆ ಆದ ಒಳ್ಳೆಯ ಅಧ್ಯಯನ ಅಂದ್ರೆ 2010ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ ಹೊಲಗಳದ್ದು. ಅಕ್ಕಪಕ್ಕದ 13 ಜೋಡಿ ತೋಟಗಳನ್ನು ಹೋಲಿಸಿದರು. ಸಾವಯವ ಸ್ಟ್ರಾಬೆರಿಯಲ್ಲಿ ವಿಟಮಿನ್ ಸಿ ಜಾಸ್ತಿ, ಒಣ ಅಂಶ ಜಾಸ್ತಿ, ಬಾಳಿಕೆಯೂ ಜಾಸ್ತಿ. ಆದರೆ ರಂಜಕ, ಪೊಟ್ಯಾಸಿಯಂ ಕಡಿಮೆ! ಮೇಲಿನ ಪರಿಶೀಲನೆಗಳಿಗೆ ರಂಜಕದ ವಿಷಯದಲ್ಲಿ ಪೂರ್ತಿ ಉಲ್ಟಾ.

ಒಬ್ಬೊಬ್ಬರು ಒಂದೊಂದು ಹೇಳಿದರೆ ಯಾರನ್ನು ನಂಬುವುದು?

ಅಳೆಯುವ ರೀತಿಯಲ್ಲೇ ಒಂದು ಕೊಕ್ಕೆ ಇದೆ. ತಾಜಾ ಹಣ್ಣಿನ ತೂಕಕ್ಕೆ ಲೆಕ್ಕ ಹಾಕಿದರೆ ಒಂದು ಉತ್ತರ, ಒಣಗಿಸಿದ ತೂಕಕ್ಕೆ ಹಾಕಿದರೆ ಇನ್ನೊಂದು. ಯೂರಿಯಾ, ನೀರು ಧಾರಾಳವಾಗಿ ಕೊಟ್ಟ ಗಿಡದ ಹಣ್ಣು ದಪ್ಪಗಾಗುತ್ತದೆ, ನೀರು ತುಂಬಿಕೊಳ್ಳುತ್ತದೆ. ನಾಲ್ಕು ಮಂದಿಯ ಸಾರಿಗೆ ಎಂಟು ಮಂದಿಯ ನೀರು ಹಾಕಿದ ಹಾಗೆ. ಖನಿಜ ಅಷ್ಟೇ ಇದ್ದರೂ 100 ಗ್ರಾಂ ಲೆಕ್ಕದಲ್ಲಿ ಕಡಿಮೆ ಕಾಣಿಸುತ್ತದೆ. ಅದೇ ಹಣ್ಣನ್ನು ಒಣಗಿಸಿ ಅಳೆದರೆ ಆ ವ್ಯತ್ಯಾಸ ಮಾಯ. ಯಾರಾದರೂ "ನಮ್ಮ ಹಣ್ಣಲ್ಲಿ ಇಷ್ಟು ಪಟ್ಟು ಜಾಸ್ತಿ" ಅಂದರೆ ಯಾವ ತೂಕಕ್ಕೆ ಅಂತ ಕೇಳಿ. ಅಲ್ಲಿಗೇ ಬಹಳ ಮಾತು ನಿಂತು ಹೋಗುತ್ತದೆ.

ಇನ್ನೊಂದು, ಎರೆ (ಕಪ್ಪು ಮಣ್ಣಿನ) ಹೊಲದ ಭಗವಾ ದಾಳಿಂಬೆಯನ್ನು ಮಸಾರಿ (ಕೆಂಪು ಮಣ್ಣಿನ) ಹೊಲದ ಬೇರೆ ತಳಿಗೆ ಹೋಲಿಸಿ, ಅದು ಸಾವಯವದ ಮಹಿಮೆ ಅಂದರೆ ಒಪ್ಪಲಾಗದು. ಒಂದೇ ತಳಿ, ಒಂದೇ ಮಣ್ಣು, ಒಂದೇ ವಯಸ್ಸಿನ ಗಿಡ, ಒಂದೇ ಹದದಲ್ಲಿ ಕಿತ್ತ ಹಣ್ಣು ಇರಬೇಕು. ಅಂತಹ ಹೋಲಿಕೆ ಮಾಡುವುದು ಕಷ್ಟ. ಅದಕ್ಕೇ ಒಳ್ಳೆಯ ಅಧ್ಯಯನಗಳು ಕಡಿಮೆ.

ಸರ್ಕಾರಿ ಗೊಬ್ಬರದಲ್ಲಿ ಬರೀ ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್) ಇರುತ್ತದೆ. ಹಾಗಾದ್ರೆ ಉಳಿದ ಖನಿಜ ಎಲ್ಲಿಂದ ಬರಬೇಕು?

ನ್ಯಾಯವಾದ ಪ್ರಶ್ನೆ. ಉತ್ತರ: ಮಣ್ಣಿನಿಂದ. ನೀವು ಚೀಲದಲ್ಲಿ ಹಾಕದಿದ್ದರೂ ಬೇರು ಮಣ್ಣಲ್ಲಿರುವ ಕ್ಯಾಲ್ಸಿಯಂ, ಕಬ್ಬಿಣ, ಸತು, ಮ್ಯಾಂಗನೀಸ್ ಹೀರುತ್ತಲೇ ಇರುತ್ತದೆ. ಆದರೆ ವರ್ಷಗಟ್ಟಲೆ ತೆಗೆಯುತ್ತಾ ಹೋಗಿ ವಾಪಸ್ ಕೊಡದಿದ್ದರೆ ಮಣ್ಣು ಸೊರಗುತ್ತದೆ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ರಾಜ್ಯದ ಹೊಲಗಳ ಮಣ್ಣು ಪರೀಕ್ಷಿಸಿದಾಗ ಸತು, ಬೋರಾನ್, ಗಂಧಕದ ಕೊರತೆ ಊರೂರಲ್ಲೂ ಕಂಡಿತು.

ತಿಪ್ಪೆ ಗೊಬ್ಬರದ ಹೆಚ್ಚುಗಾರಿಕೆ ಇರುವುದು ಇಲ್ಲೇ. 100 ಕಿಲೋ ಯೂರಿಯಾ, ಅಂದ್ರೆ ಎರಡು ಚೀಲಕ್ಕಿಂತ ಸ್ವಲ್ಪ ಜಾಸ್ತಿ, 46 ಕಿಲೋ ಸಾರಜನಕ ಕೊಡುತ್ತದೆ, ಬೇರೇನೂ ಕೊಡುವುದಿಲ್ಲ. ಅಷ್ಟೇ ಸಾರಜನಕ ತಿಪ್ಪೆ ಗೊಬ್ಬರದಿಂದ ಬರಬೇಕಾದರೆ ಸುಮಾರು 9 ಟನ್ ಬೇಕು. ಆ 9 ಟನ್ ಜೊತೆ ಸತು, ತಾಮ್ರ, ಕಬ್ಬಿಣ, ಬೋರಾನ್ ಎಲ್ಲವೂ ಚೂರು ಚೂರು ಬರುತ್ತವೆ. ಈಗ 9 ಟನ್ ಗೊಬ್ಬರ ಎಲ್ಲಿ ಸಿಗುತ್ತದೆ, ಯಾರ ಮನೆಯಲ್ಲಿ ಅಷ್ಟು ದನ ಉಳಿದಿವೆ ಅನ್ನುವುದು ಬೇರೆ ಪ್ರಶ್ನೆ.

ಚೀಲದ ಗೊಬ್ಬರ ಅತಿಯಾದರೆ ಒಂದಕ್ಕೊಂದು ಅಡ್ಡ ಬರುವುದೂ ಇದೆ. ರಂಜಕ ಹೆಚ್ಚಿರುವ ಡಿಎಪಿ ಗೊಬ್ಬರ ವರ್ಷ ವರ್ಷ ಸುರಿದರೆ ರಂಜಕ ಜಾಸ್ತಿಯಾಗಿ ಗಿಡಕ್ಕೆ ಸತು ಸಿಗುವುದು ಕಷ್ಟವಾಗುತ್ತದೆ. ಬೇರಿಗೆ ಅಂಟಿಕೊಂಡು ರಂಜಕ, ಸತು ತಂದುಕೊಡುವ ಮೈಕೊರೈಜಾ ಶಿಲೀಂಧ್ರವೂ ಅಂತಹ ಮಣ್ಣಲ್ಲಿ ಕಡಿಮೆಯಾಗುತ್ತದೆ. ಹಣ್ಣಿನ ಬಣ್ಣ, ತೂಕಕ್ಕೆ ಅಂತ ಪೊಟ್ಯಾಷ್ ಮಿತಿಮೀರಿ ಬಿಟ್ಟರೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಹೀರುವುದು ತಗ್ಗುತ್ತದೆ. ಇದು ರಾಸಾಯನಿಕ ಗೊಬ್ಬರದ ತಪ್ಪು ಅನ್ನುವುದಕ್ಕಿಂತ ಅಳತೆ ತಪ್ಪಿದ್ದರ ಫಲ. ಕೋಳಿ ಗೊಬ್ಬರ ಅತಿಯಾಗಿ ಹಾಕಿದರೂ ರಂಜಕ ಹೀಗೇ ಕೂಡಿಕೊಳ್ಳುತ್ತದೆ.

ನಮ್ಮದು ಎರೆ ಹೊಲ. ಅಲ್ಲಿ ಬೆಳೆದ ಹಣ್ಣಿಗೂ ಮಸಾರಿಯ ಹಣ್ಣಿಗೂ ವ್ಯತ್ಯಾಸ ಇದೆಯಾ?

ಇದೆ. ನನ್ನ ಪ್ರಕಾರ ಸಾವಯವವೋ ಅಲ್ಲವೋ ಅನ್ನುವುದಕ್ಕಿಂತ ಇದೇ ದೊಡ್ಡ ವ್ಯತ್ಯಾಸ.

ಎರೆ ಮಣ್ಣಿನ ಹೆಂಟೆ ಒಂದನ್ನು ಕೈಗೆ ತಗೊಳ್ಳಿ. ಒಳಗೆ ಬಿಳಿ ಸುಣ್ಣದ ಹರಳು ಕಾಣುತ್ತವೆ. ಅದರ ಮೇಲೆ ಒಂದು ಹನಿ ಆಸಿಡ್ ಬಿಟ್ಟರೆ ಬುಸುಬುಸು ಅಂತ ನೊರೆ ಬರುತ್ತದೆ, ನಿಂಬೆಹಣ್ಣು ಹಿಂಡಿದರೂ ಸಣ್ಣಗೆ ಗುಳ್ಳೆ ಏಳುತ್ತದೆ. ಸುಣ್ಣ ಇಷ್ಟಿರುವ ಮಣ್ಣಿನ ಪಿಎಚ್ 8ರ ಮೇಲೆ ಇರುತ್ತದೆ. ಅಲ್ಲಿ ಕಬ್ಬಿಣ, ಸತು ಇದ್ದೂ ಇಲ್ಲದ ಹಾಗೆ. ಮಣ್ಣಲ್ಲಿ ಬೇಕಾದಷ್ಟಿರುತ್ತದೆ, ಆದರೆ ನೀರಲ್ಲಿ ಕರಗುವುದಿಲ್ಲ, ಬೇರಿಗೆ ಎಟುಕುವುದಿಲ್ಲ.

ಪೇರಲ ಗಿಡದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಹೊಸ ಚಿಗುರಿನ ಎಲೆ ನೋಡಿ. ನರ ಮಾತ್ರ ಹಸಿರು, ನಡುವಿನ ಜಾಗವೆಲ್ಲ ಹಳದಿ, ಬಲೆ ಹಾಸಿದಂತೆ. ಕೆಳಗಿನ ಹಳೆ ಎಲೆ ಹಸಿರಾಗೇ ಇರುತ್ತದೆ. ಇದು ಕಬ್ಬಿಣದ ಕೊರತೆ. ಬಹಳ ಜನ ಇದನ್ನು ನೋಡಿ ಯೂರಿಯಾ ಹಾಕುತ್ತಾರೆ. ಸಾರಜನಕ ಕಡಿಮೆ ಇದ್ದರೆ ಮೊದಲು ಹಳದಿ ಆಗುವುದು ಕೆಳಗಿನ ಹಳೆ ಎಲೆ. ಮೇಲಿನದಾ ಕೆಳಗಿನದಾ ಅಂತ ನೋಡಿದರೆ ಒಂದು ಚೀಲದ ದುಡ್ಡು ಉಳಿಯುತ್ತದೆ.

ಕಬ್ಬಿಣದ ಸಲ್ಫೇಟನ್ನು ಇಂತಹ ಮಣ್ಣಿಗೆ ಹಾಗೇ ಹಾಕಿದರೆ ಸ್ವಲ್ಪ ದಿನದಲ್ಲೇ ಅದೂ ಸುಣ್ಣದ ಪಾಲು. ಲೀಟರಿಗೆ 5 ಗ್ರಾಂನಂತೆ, ಸ್ವಲ್ಪ ಸಿಟ್ರಿಕ್ ಆಸಿಡ್ ಸೇರಿಸಿ ಎಲೆಗೆ ಸಿಂಪಡಿಸುವುದು ರೂಢಿ. ಎಲೆ ಹಸಿರಾಗುತ್ತದೆ, ಇಳುವರಿ ಸುಧಾರಿಸುತ್ತದೆ. ಹಣ್ಣಿನೊಳಗಿನ ಕಬ್ಬಿಣ ಮಾತ್ರ ಅಷ್ಟಾಗಿ ಏರುವುದಿಲ್ಲ.

ಕೊಳೆತ ಗೊಬ್ಬರ ಇಲ್ಲಿ ಒಳ್ಳೆಯ ಕೆಲಸ ಮಾಡುತ್ತದೆ. ಅದರಲ್ಲಿರುವ ಸಾವಯವ ಆಮ್ಲಗಳು ಕಬ್ಬಿಣ, ಸತುವನ್ನು ಹಿಡಿದಿಟ್ಟುಕೊಂಡು ಬೇರಿಗೆ ದಾಟಿಸುತ್ತವೆ. ಎರೆ ಹೊಲದವರು ಸರ್ಕಾರಿ ಗೊಬ್ಬರ ಬಳಸಿದರೂ ತಿಪ್ಪೆ ಗೊಬ್ಬರ ಬಿಡಬಾರದು ಅನ್ನುವುದು ಇದಕ್ಕೇ.

ಮಸಾರಿಯಲ್ಲಿ ಸುಣ್ಣದ ಕಾಟ ಕಡಿಮೆ, ಕಬ್ಬಿಣ ಸಲೀಸಾಗಿ ಸಿಗುತ್ತದೆ. ಆದರೆ ಮಣ್ಣು ತೆಳು, ನೀರು ಗೊಬ್ಬರ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಪೊಟ್ಯಾಷ್, ಬೋರಾನ್ ಬೇಗ ಬಸಿದು ಹೋಗುತ್ತವೆ.

ಕೆಂಪು ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ ಅಲ್ವಾ? ಸಂಡೂರು, ಹೊಸಪೇಟೆ ಕಡೆ ಗಣಿ ಧೂಳು ಬೀಳುವ ತೋಟದ ಹಣ್ಣಲ್ಲಿ ಕಬ್ಬಿಣ ಇನ್ನೂ ಜಾಸ್ತಿ ಇರಬೇಕಲ್ಲ?

ಇಲ್ಲ. ಅದಿರಿನ ಧೂಳು ಅಂದ್ರೆ ಕಬ್ಬಿಣದ ಆಕ್ಸೈಡ್, ನೀರಲ್ಲಿ ಕರಗದ ವಸ್ತು. ಹಣ್ಣಿನ ಸಿಪ್ಪೆಯ ಮೇಲೆ ಕೂರುತ್ತದೆ, ತೊಳೆದರೆ ಹೋಗುತ್ತದೆ. ತೊಳೆಯದೆ ತಿಂದರೂ ಮೈಗೆ ಹತ್ತುವುದು ಹೆಚ್ಚು ಕಡಿಮೆ ಸೊನ್ನೆ. ಎಲೆ ಮೇಲೆ ಧೂಳು ದಪ್ಪಗೆ ಕೂತರೆ ಬಿಸಿಲು ಸರಿಯಾಗಿ ತಾಗದೆ ಗಿಡಕ್ಕೆ ನಷ್ಟ, ಅಷ್ಟೇ.

ನಮ್ಮ ಬೋರ್ ನೀರು ಗಡಸು. ಡ್ರಿಪ್ ಪೈಪಿಗೆ ಬಿಳಿ ಸುಣ್ಣ ಕಟ್ಟುತ್ತೆ. ಆ ಕ್ಯಾಲ್ಸಿಯಂ ಹಣ್ಣಿಗೆ ಬರುತ್ತದಾ?

ಬರುವುದು ಬಹಳ ಕಡಿಮೆ. ಕ್ಯಾಲ್ಸಿಯಂ ಗಿಡದೊಳಗೆ ಓಡಾಡುವುದು ಬೇರಿನಿಂದ ಮೇಲೇರುವ ನೀರಿನ ಜೊತೆ ಮಾತ್ರ. ನೀರು ಎಲ್ಲಿ ಆವಿಯಾಗುತ್ತದೋ ಅಲ್ಲಿಗೆ ಹೋಗುತ್ತದೆ, ಅಂದ್ರೆ ಎಲೆಗೆ. ಹಣ್ಣು ಅಷ್ಟಾಗಿ ಬೆವರುವುದಿಲ್ಲ, ಆದ್ದರಿಂದ ಅದರ ಪಾಲಿಗೆ ಸ್ವಲ್ಪ. ಅದೂ ಕಾಯಿ ಕಚ್ಚಿದ ಮೊದಲ ಕೆಲವು ವಾರಗಳಲ್ಲೇ ಹೆಚ್ಚು. ಎಲೆಗೆ ಸೇರಿದ ಕ್ಯಾಲ್ಸಿಯಂ ಮತ್ತೆ ಹಣ್ಣಿಗೆ ವಾಪಸ್ ಬರುವುದಿಲ್ಲ. ಪೊಟ್ಯಾಸಿಯಂ ಹಾಗಲ್ಲ, ಸಕ್ಕರೆ ಜೊತೆ ಎಲೆಯಿಂದ ಹಣ್ಣಿಗೆ ಧಾರಾಳವಾಗಿ ಇಳಿಯುತ್ತದೆ. ಎಲ್ಲ ಹಣ್ಣಲ್ಲೂ ಪೊಟ್ಯಾಸಿಯಂ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ ಇರುವುದು ಇದರಿಂದಲೇ. ಇದಕ್ಕೆ ಸಾವಯವ, ರಾಸಾಯನಿಕ ಅನ್ನುವ ಭೇದ ಇಲ್ಲ.

ಹಣ್ಣಿಗೆ ಕ್ಯಾಲ್ಸಿಯಂ ಸರಿಯಾಗಿ ಹೋಗಬೇಕು ಅಂದ್ರೆ ನೀರು ಒಂದೇ ಸಮ ಕೊಡಬೇಕು. ಒಂದು ವಾರ ಒಣಗಿಸಿ ಆಮೇಲೆ ಒಮ್ಮೆಲೇ ನೀರು ಬಿಟ್ಟರೆ ದಾಳಿಂಬೆ ಸೀಳುವುದು ಎಲ್ಲರಿಗೂ ಗೊತ್ತಿರುವುದೇ. ಬೋರಾನ್, ಕ್ಯಾಲ್ಸಿಯಂ ಕೊರತೆ ಇದ್ದರೆ ಸೀಳುವುದು ಇನ್ನೂ ಜಾಸ್ತಿ. ಹಣ್ಣು ತೀರಾ ದಪ್ಪ ಮಾಡಲು ಹೊರಟರೂ ಕ್ಯಾಲ್ಸಿಯಂ ತೆಳುವಾಗುತ್ತದೆ.

ಗಂಗಾವತಿ ಕಡೆಯ ಸವಳು ಭೂಮಿಯಲ್ಲಿ?

ಉಪ್ಪಿನ ಮಣ್ಣಲ್ಲಿ ಸೋಡಿಯಂ ಮೇಲುಗೈ ಸಾಧಿಸಿ ಗಿಡಕ್ಕೆ ಪೊಟ್ಯಾಸಿಯಂ, ಕ್ಯಾಲ್ಸಿಯಂ ಸಿಗುವುದು ಕಡಿಮೆ ಆಗುತ್ತದೆ. ದಾಳಿಂಬೆ ಸ್ವಲ್ಪ ತಡೆದುಕೊಳ್ಳುತ್ತದೆ, ಬಾಳೆ ತಡೆಯುವುದಿಲ್ಲ. ಇಂತಹ ಹೊಲಕ್ಕೆ ಮೊದಲು ಬಸಿಗಾಲುವೆ ಬೇಕು. ಸೋಡಿಯಂ ಜಾಸ್ತಿ ಇದ್ದರೆ ಜಿಪ್ಸಂ ಕೂಡ. ಸಾವಯವದ ಮಾತು ಆಮೇಲೆ.

ಜೀವಾಮೃತ ಹಾಕಿದರೆ ಖನಿಜ ಹೆಚ್ಚುತ್ತದಾ?

200 ಲೀಟರ್ ಜೀವಾಮೃತಕ್ಕೆ ಹಾಕುವುದು 10 ಕಿಲೋ ಸಗಣಿ, ಐದರಿಂದ ಹತ್ತು ಲೀಟರ್ ಗಂಜಲ, ಎರಡೆರಡು ಕಿಲೋ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಅದನ್ನು ಒಂದು ಎಕರೆಗೆ ಬಿಟ್ಟರೆ ಅದರೊಳಗಿನ ಖನಿಜ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಅದು ಗೊಬ್ಬರ ಅಲ್ಲ ಅಂತ ಅದನ್ನು ಹೇಳಿಕೊಡುವವರೇ ಹೇಳುತ್ತಾರೆ. ಮಣ್ಣಿನ ಜೀವಾಣುಗಳಿಗೆ ಊಟ ಕೊಡುವುದು ಅದರ ಉದ್ದೇಶ. ಮಣ್ಣಲ್ಲಿ ಸತುವೇ ಕಡಿಮೆ ಇದ್ದರೆ ಜೀವಾಣು ಬಂದು ಹೊಸದಾಗಿ ಸತು ಹುಟ್ಟಿಸುವುದಿಲ್ಲ.

ಜವಾರಿ (ನಾಟಿ) ಹಣ್ಣಲ್ಲಿ ಸತ್ವ ಜಾಸ್ತಿ ಅಂತಾರೆ. ನಮ್ಮ ಅಜ್ಜನ ಕಾಲದ ಹಣ್ಣಿನ ಸತ್ವ ಈಗ ಇಲ್ಲವಂತೆ, ನಿಜನಾ?

ಸ್ವಲ್ಪ ನಿಜ. ಆದರೆ ಕಾರಣ ನಾವು ಅಂದುಕೊಂಡದ್ದಲ್ಲ.

ಅಮೆರಿಕದಲ್ಲಿ 1950 ಮತ್ತು 1999ರ ಸರ್ಕಾರಿ ಅಂಕಿಅಂಶ ಹೋಲಿಸಿ 43 ತೋಟದ ಬೆಳೆಗಳನ್ನು ನೋಡಿದರು, ಹೆಚ್ಚಿನವು ತರಕಾರಿ. ಕ್ಯಾಲ್ಸಿಯಂ, ಕಬ್ಬಿಣ, ರಂಜಕ ಎಲ್ಲವೂ ಒಂದಿಷ್ಟು ಇಳಿದಿದ್ದವು. 2004ರಲ್ಲಿ ಇದು ಪ್ರಕಟವಾಯಿತು. ಇದಕ್ಕೆ ತಳಿ ಬದಲಾದದ್ದೇ ಕಾರಣ ಇರಬಹುದು ಅಂತ ಅವರು ಹೇಳಿದರು. ಹೆಚ್ಚು ಇಳುವರಿ, ದಪ್ಪ ಕಾಯಿ ಅಂತ ಆರಿಸುತ್ತಾ ಹೋದಾಗ ಖನಿಜ ಹಂಚಿಹೋಯಿತು.

ಇನ್ನೂ ಗಟ್ಟಿ ಸಾಕ್ಷಿ ಗೋಧಿಯಲ್ಲಿದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಿಂದ ಒಂದೇ ಹೊಲದಲ್ಲಿ ಗೋಧಿ ಬೆಳೆಯುತ್ತಾ, ಕಾಳನ್ನೂ ಮಣ್ಣನ್ನೂ ಎತ್ತಿಡುತ್ತಾ ಬಂದಿದ್ದಾರೆ. 1960ರ ದಶಕದ ಕೊನೆಗೆ ಗಿಡ್ಡ ತಳಿ ಬಂದ ಮೇಲೆ ಕಾಳಿನ ಸತು, ಕಬ್ಬಿಣ, ತಾಮ್ರ, ಮೆಗ್ನೀಸಿಯಂ ಇಳಿಯಿತು. ಕೊಟ್ಟಿಗೆ ಗೊಬ್ಬರ ಹಾಕಿದ ತಾಕಿನಲ್ಲೂ ಇಳಿಯಿತು, ರಾಸಾಯನಿಕ ಹಾಕಿದ ತಾಕಿನಲ್ಲೂ ಇಳಿಯಿತು. ಮಣ್ಣಿನ ಖನಿಜ ಮಾತ್ರ ಇಳಿದಿರಲಿಲ್ಲ.

ಹಾಗಾಗಿ ಸಣ್ಣ ಗಾತ್ರದ ಜವಾರಿ ಹಣ್ಣಿನಲ್ಲಿ 100 ಗ್ರಾಂ ಲೆಕ್ಕದಲ್ಲಿ ಖನಿಜ ಸ್ವಲ್ಪ ಹೆಚ್ಚಿದ್ದರೆ ಆಶ್ಚರ್ಯ ಇಲ್ಲ. ಅದನ್ನು ಯೂರಿಯಾ ಹಾಕಿ ಬೆಳೆದರೂ ಜವಾರಿ ಜವಾರಿಯೇ.

ಕತ್ತರಿಸಿದ ಸೇಬು, ಬಾಳೆ ಕಪ್ಪಾದರೆ ಕಬ್ಬಿಣ ಇದೆ ಅಂತ ಅರ್ಥನಾ?

ಅಲ್ಲ. ಹಣ್ಣಿನ ಪಾಲಿಫಿನಾಲ್ ಗಾಳಿ ತಾಗಿದಾಗ ಒಂದು ಕಿಣ್ವದ ನೆರವಿನಿಂದ ಕಂದು ಬಣ್ಣಕ್ಕೆ ತಿರುಗುತ್ತದೆ. ಕಬ್ಬಿಣದ ಈಳಿಗೆಯಲ್ಲಿ ಹೆಚ್ಚಿದರೆ ಹಣ್ಣಿನ ಒಗರು ಈಳಿಗೆಯ ಕಬ್ಬಿಣದ ಜೊತೆ ಸೇರಿ ಇನ್ನೂ ಕಪ್ಪಾಗುತ್ತದೆ. ಆ ಕಬ್ಬಿಣ ಈಳಿಗೆಯದು, ಹಣ್ಣಿನದಲ್ಲ.

ಸಿಹಿ ಜಾಸ್ತಿ ಇದ್ದರೆ ಖನಿಜವೂ ಜಾಸ್ತಿನಾ? ಬ್ರಿಕ್ಸ್ ಮೀಟರ್ ತೋರಿಸಿ ಮಾರುತ್ತಾರಲ್ಲ?

ಬ್ರಿಕ್ಸ್ ಮೀಟರ್ ತೋರಿಸುವುದು ಮುಖ್ಯವಾಗಿ ಸಕ್ಕರೆ. ಅದರಿಂದ ಕಬ್ಬಿಣ, ಕ್ಯಾಲ್ಸಿಯಂ ತಿಳಿಯುವುದಿಲ್ಲ.

ಕಾರ್ಬೈಡ್ ಹಾಕಿ ಹಣ್ಣು ಮಾಡಿದರೆ ಖನಿಜ ಹೋಗುತ್ತದಾ?

ಖನಿಜ ಎಲ್ಲೂ ಹೋಗುವುದಿಲ್ಲ. ಕಿತ್ತ ಮೇಲೆ ಹಣ್ಣಿನೊಳಗೆ ಎಷ್ಟಿದೆಯೋ ಅಷ್ಟೇ, ಬೇಯಿಸಿದರೂ ಒಣಗಿಸಿದರೂ ನಾಶ ಆಗುವ ವಸ್ತು ಅದಲ್ಲ. ಒಣ ಅಂಜೂರದಲ್ಲಿ ಖನಿಜ ಅಷ್ಟೊಂದು ಕಾಣುವುದು ನೀರು ಹೋದದ್ದಕ್ಕೆ: 100 ಗ್ರಾಂನಲ್ಲಿ ಕ್ಯಾಲ್ಸಿಯಂ 160, ಕಬ್ಬಿಣ 2 ಮಿ.ಗ್ರಾಂ ಆಸುಪಾಸು. ಸಕ್ಕರೆಯೂ ಹಾಗೇ ಏರುತ್ತದೆ ಅನ್ನುವುದು ನೆನಪಿರಲಿ.

ಕಾರ್ಬೈಡ್ ನಿಷೇಧ ಆಗಿರುವುದು ಬೇರೆ ಕಾರಣಕ್ಕೆ. ಅದರಲ್ಲಿ ಆರ್ಸೆನಿಕ್, ರಂಜಕದ ವಿಷದ ಅಂಶ ಬೆರೆತಿರುತ್ತದೆ. ಎಥಿಲೀನ್ ಅನಿಲದಿಂದ ಹಣ್ಣು ಮಾಡಲು ನಿಯಮದ ಮಿತಿಯಲ್ಲಿ ಅನುಮತಿ ಇದೆ.

ಸಾವಯವ ಸರ್ಟಿಫಿಕೇಟ್ ಇದ್ದರೆ ಖನಿಜ ಪರೀಕ್ಷೆ ಆಗಿದೆ ಅಂತ ಅರ್ಥನಾ?

ಇಲ್ಲ. ಎನ್‌ಪಿಒಪಿ (ಸಂಸ್ಥೆಯೊಂದು ಬಂದು ಪರಿಶೀಲಿಸಿ ಕೊಡುವ ಸರ್ಟಿಫಿಕೇಟ್) ಇರಲಿ, ಪಿಜಿಎಸ್-ಇಂಡಿಯಾ (ರೈತರ ಗುಂಪೇ ಪರಸ್ಪರ ನೋಡಿ ಕೊಡುವುದು) ಇರಲಿ, ನೋಡುವುದು ಹೇಗೆ ಬೆಳೆದಿರಿ ಅಂತ. ಏನು ಹಾಕಿದಿರಿ, ಏನು ಹೊಡೆದಿರಿ, ಪಕ್ಕದ ಹೊಲದಿಂದ ಎಣ್ಣೆ (ಸಿಂಪಡಿಸುವ ಔಷಧ) ಹಾರಿ ಬರುತ್ತದಾ, ಲೆಕ್ಕ ಬರೆದಿಟ್ಟಿದ್ದೀರಾ. ಎನ್‌ಪಿಒಪಿಯಲ್ಲಿ ಹಣ್ಣಿನ ಗಿಡಗಳಿಗೆ ಸಾಮಾನ್ಯವಾಗಿ ಮೂರು ವರ್ಷದ ಪರಿವರ್ತನೆ ಅವಧಿ ಇರುತ್ತದೆ. ಪ್ಯಾಕೆಟ್ ಮೇಲೆ ಸಾವಯವದ ಸರ್ಕಾರಿ ಗುರುತಾದ ಜೈವಿಕ್ ಭಾರತ್ ಇದೆಯಾ ನೋಡಿ. ವರ್ಷಕ್ಕೆ 12 ಲಕ್ಷ ರೂಪಾಯಿ ಒಳಗೆ ವಹಿವಾಟು ಇರುವ ಸಣ್ಣ ಬೆಳೆಗಾರ ನೇರವಾಗಿ ಗ್ರಾಹಕರಿಗೆ ಮಾರಿದರೆ ಸರ್ಟಿಫಿಕೇಟ್ ಕಡ್ಡಾಯ ಅಲ್ಲ. ಅಲ್ಲಿ ನೀವು ನಂಬುವುದು ಆ ಮನುಷ್ಯನನ್ನೇ.

ಹಾಗಾದ್ರೆ ಸಾವಯವಕ್ಕೆ ಜಾಸ್ತಿ ದುಡ್ಡು ಕೊಡುವುದು ದಂಡನಾ?

ಖನಿಜಕ್ಕೋಸ್ಕರ ಕೊಡುತ್ತಿದ್ದರೆ ಹೌದು, ದಂಡ. ಕೀಟನಾಶಕದ ಉಳಿಕೆ ಕಡಿಮೆ ಇರಲಿ ಅಂತ ಕೊಡುತ್ತಿದ್ದರೆ ಅದಕ್ಕೆ ಆಧಾರ ಇದೆ. ದಾಳಿಂಬೆಗೆ ಚುಕ್ಕೆ ರೋಗ, ಹುಳು ಅಂತ ಎಷ್ಟು ಸಲ ಎಣ್ಣೆ ಹೊಡೆಯುತ್ತಾರೆ ಅನ್ನುವುದು ಬೆಳೆಗಾರರಿಗೆ ಗೊತ್ತು, ಬಾಯಿ ಬಿಟ್ಟು ಹೇಳುವವರು ಕಡಿಮೆ. ರಂಜಕದ ಗೊಬ್ಬರದಲ್ಲಿ ಬರುವ ಕ್ಯಾಡ್ಮಿಯಂ ಬಗ್ಗೆ ಭಯ ಇದ್ದರೆ ಅದನ್ನು ಹಣ್ಣಿಗಿಂತ ಸೊಪ್ಪು, ಗೆಡ್ಡೆ, ಧಾನ್ಯಗಳಲ್ಲಿ ನೋಡಬೇಕು. ಹಣ್ಣಿಗೆ ಅದು ಸೇರುವುದು ಕಡಿಮೆ.

ದುಡ್ಡು ಲೆಕ್ಕ ಹಾಕಿ ಖರ್ಚು ಮಾಡುವ ಮನೆಯಾದರೆ ನನ್ನ ಸಲಹೆ ಇಷ್ಟು: ಒಂದು ಕಿಲೋ ಸಾವಯವ ಹಣ್ಣಿನ ದುಡ್ಡಲ್ಲಿ ಎರಡು ಕಿಲೋ ಮಾಮೂಲಿ ಹಣ್ಣು ಬಂದರೆ ಎರಡು ಕಿಲೋ ತಗೊಳ್ಳಿ, ಚೆನ್ನಾಗಿ ತೊಳೆದು ಮಕ್ಕಳಿಗೆ ಕೊಡಿ.

ಬೆಳೆಗಾರ ಏನು ಮಾಡಬೇಕು?

ಮಣ್ಣು ಪರೀಕ್ಷೆ. ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶ ಬರುತ್ತವೆ: ಪಿಎಚ್, ಲವಣಾಂಶ, ಸಾವಯವ ಇಂಗಾಲ, ಎನ್‌ಪಿಕೆ, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಎನ್‌ಪಿಕೆ ಮೂರು ಸಾಲು ನೋಡಿ ಕಾರ್ಡನ್ನು ಕಪಾಟಿಗೆ ಸೇರಿಸಬೇಡಿ, ಕೆಳಗಿನ ಸಾಲುಗಳೇ ಮುಖ್ಯ.

ಮಾದರಿ ತೆಗೆಯುವಾಗ ಬದು, ತಿಪ್ಪೆ, ಗೊಬ್ಬರ ಸುರಿದ ಜಾಗ ಬಿಡಿ. ಹಣ್ಣಿನ ತೋಟ ಅಂದ್ರೆ ಮೇಲಿನ ಮಣ್ಣು ಸಾಲದು. ಮೂರು ಅಡಿವರೆಗೆ, ಅಡಿಗೊಂದರಂತೆ ಬೇರೆ ಬೇರೆ ಚೀಲದಲ್ಲಿ ತೆಗೆಯಿರಿ. ಜಿಂಕ್ ಲೇಪದ ತಗಡಿನ ಬಕೆಟ್, ತುಕ್ಕು ಹಿಡಿದ ಸಲಿಕೆ ಬೇಡ. ಸತು, ಕಬ್ಬಿಣದ ಅಂಕಿ ಸುಳ್ಳು ಬರುತ್ತದೆ. ಪ್ಲಾಸ್ಟಿಕ್ ಬುಟ್ಟಿ ಸಾಕು.

ಸಾವಯವ ಮಾಡುವವರು ಸತು, ಬೋರಾನ್ ಹಾಕಬಾರದು ಅಂತ ತಿಳಿದಿದ್ದಾರೆ. ಕೊರತೆ ಇದೆ ಅಂತ ಪರೀಕ್ಷೆಯಲ್ಲಿ ತೋರಿಸಿ, ಪ್ರಮಾಣೀಕರಿಸುವ ಸಂಸ್ಥೆಯನ್ನು ಕೇಳಿ ಬಳಸಲು ದಾರಿ ಇದೆ. ಮೊದಲು ಕೇಳಿ, ಆಮೇಲೆ ಹಾಕಿ.

ನಮ್ಮ ಹಣ್ಣನ್ನೇ ಲ್ಯಾಬಿಗೆ ಕಳಿಸಿ ಖನಿಜ ನೋಡಿಸಬಹುದಾ?

ಆಗುತ್ತದೆ. ಆದರೆ ಒಂದು ಹಣ್ಣಿನ ರಿಪೋರ್ಟ್ ಹಿಡಿದು ಬೋರ್ಡ್ ಬರೆಸಬೇಡಿ. ಒಂದೇ ಗಿಡದ ಬಿಸಿಲ ಕಡೆಯ ಹಣ್ಣಿಗೂ ನೆರಳ ಕಡೆಯದಕ್ಕೂ ಫರಕು ಬರುತ್ತದೆ. ಹಲವು ಗಿಡದ ಹಣ್ಣು ಸೇರಿಸಿದ ಮಾದರಿ ಬೇಕು, ಒಂದಕ್ಕಿಂತ ಹೆಚ್ಚು ಹಂಗಾಮಿನದು ಬೇಕು.

ಮನೆಯಲ್ಲಿ ಕಿಡ್ನಿ ತೊಂದರೆ ಇರುವವರು ಇದ್ದಾರೆ. ಸಾವಯವ ಬಾಳೆ ಕೊಡಬಹುದಾ?

ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದಾಗ ಪೊಟ್ಯಾಸಿಯಂ ರಕ್ತದಲ್ಲಿ ಉಳಿದು ಹೃದಯಕ್ಕೆ ಅಪಾಯ ತರಬಹುದು. ಸಾವಯವ ಅಂದ ಮಾತ್ರಕ್ಕೆ ಬಾಳೆ, ಪೇರಲದಲ್ಲಿ ಪೊಟ್ಯಾಸಿಯಂ ಕಡಿಮೆ ಇರುವುದಿಲ್ಲ. ಎಳನೀರಿಗೂ ಇದೇ ಮಾತು. ಡಾಕ್ಟರ್ ದಿನಕ್ಕೆ ಅರ್ಧ ಹಣ್ಣು ಅಂದಿದ್ದರೆ ಅದು ಎರಡು ಥರದ ಹಣ್ಣಿಗೂ ಅರ್ಧವೇ.